ಎರೆ ಹೊಲದ ಮೇಲೆ ಎರಡು ದೀಪ

ಟಿಕ್, ಟಿಕ್, ಟಿಕ್. ಮೊನ್ನೆ ಮುಂಡರಗಿಗೆ ಹೋಗುವಾಗ ಬಾಡಿಗೆ ಕಾರಿನ ಡ್ರೈವರ್ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದ. ಎದುರಿನಿಂದ ಲಾರಿಯೊಂದು ಬರುತ್ತಿತ್ತು, ಅದು ದಾಟುವವರೆಗೆ ನಿಂತೆವು. ಆ ಅರ್ಧ ನಿಮಿಷ ಕಾರಿನೊಳಗೆ ಅದೊಂದೇ ಸದ್ದು. ನನ್ನ ಎರಡೂ ಕೈಗಳು ಮಡಿಲಿನಿಂದ ತಾವಾಗಿಯೇ ಮೇಲೆದ್ದವು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಏನು ಬೇಕಾಗಿತ್ತು ಎಂದು ಕೇಳಿದ. ಏನೂ ಇಲ್ಲಪಾ, ನಡಿ ಎಂದೆ. ಅವನಿಗೆ ಏನಂತ ಹೇಳಲಿ?

ಆ ಸದ್ದು ನನಗೆ ಪರಿಚಯವಾದದ್ದು ಕಾರಿನಲ್ಲಲ್ಲ, ವಿಮಾನದಲ್ಲಿ. ನನ್ನ ಮೈದುನ, ಅತ್ತಿಗೆಯಾದ ನನ್ನನ್ನು ವೈನಿ ಎಂದು ಕರೆಯುತ್ತಿದ್ದ ಪ್ರಭಾಕರ ಹನ್ನೊಂದು ವರ್ಷ ಹಿಡಿದು ತನ್ನ ಕೈಯಾರೆ ಕಟ್ಟಿದ ವಿಮಾನ ಅದು. ಬೆಟಗೇರಿಯ ನಮ್ಮ ಹಳೆಯ ಹತ್ತಿ ಗೋದಾಮಿನಲ್ಲಿ ಉಕ್ಕಿನ ಕೊಳವೆಗಳನ್ನು ಬೆಸೆದು, ಮೇಲೆ ಬಟ್ಟೆ ಬಿಗಿದು, ಹಳದಿ ಬಣ್ಣ ಹೊಡೆದು ಕಟ್ಟಿದ್ದ. ಎರಡು ಸೀಟು. ರೆಕ್ಕೆ ತಲೆಯ ಮೇಲೆ. ಮುಂದೆ ಎರಡು ದೊಡ್ಡ ಗಾಲಿ, ಬಾಲದ ಅಡಿಯಲ್ಲಿ ಅಂಗೈಯಗಲದ ಒಂದು ಪುಟ್ಟ ಗಾಲಿ. ಹಾಗಾಗಿ ನೆಲದ ಮೇಲೆ ನಿಂತಾಗ ಮೂಗು ಮೇಲೆತ್ತಿ, ಬಾಲ ಕೆಳಗಿಟ್ಟು, ಕುಳಿತ ನಾಯಿಯಂತೆ ಕಾಣುತ್ತಿತ್ತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಆಗ ನೆನಪಿಟ್ಟುಕೊಳ್ಳಲಿಲ್ಲ.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಗದಗಿನಲ್ಲಿ ಮೂವತ್ತೊಂದು ವರ್ಷ ಫಿಸಿಕ್ಸ್ ಕಲಿಸಿದವಳು. ನಮ್ಮವರು ತೀರಿಕೊಂಡ ಮೇಲೆ ಪ್ರಭಾಕರನ ವಿಮಾನದ ಕಾಗದಪತ್ರಗಳೆಲ್ಲ ನನ್ನ ಮೇಜಿಗೆ ಬಂದವು. ಪರವಾನಗಿಗಾಗಿ ದಿಲ್ಲಿಗೆ ಬರೆದ ಪತ್ರಗಳಲ್ಲಿ ಒಂದೊಂದು ಕಾಮಾವೂ ನನ್ನದು. ಕೊನೆಗೆ ಅನುಮತಿ ಸಿಕ್ಕಿತು, ಒಂದು ಕಂಡೀಷನ್ ಮೇಲೆ: ಸೂರ್ಯ ಹುಟ್ಟಿದ ಮೇಲೆ ಏರಬೇಕು, ಮುಳುಗುವ ಮುಂಚೆ ಇಳಿಯಬೇಕು.

ಶಿರಹಟ್ಟಿಯಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಎರೆ ಹೊಲವಿತ್ತು, ಕಪ್ಪು ಮಣ್ಣಿನದು. ವಿಮಾನ ಏರಿಳಿಯಲೆಂದು ಪ್ರಭಾಕರ ಅದರಲ್ಲಿ ಒಂದು ಪಟ್ಟಿಯನ್ನು ರೋಲರ್ ಹೊಡೆಸಿ ಗಟ್ಟಿ ಮಾಡಿ, ಪಕ್ಕಕ್ಕೊಂದು ತಗಡಿನ ಶೆಡ್ ಹಾಕಿಸಿದ. ಹಗಲು ಮಾತ್ರ ಹಾರುವ ವಿಮಾನಕ್ಕೆ ದೀಪ ಏಕೆ ಎಂದು ನೋಡಲು ಬಂದವರೆಲ್ಲ ಕೇಳುತ್ತಿದ್ದರು. ಇರಲಿ ಅಂತ ಎಡ ರೆಕ್ಕೆಯಲ್ಲಿ ಹಳೆಯ ಮೋಟರ್ ಸೈಕಲ್ಲಿನ ಒಂದು ಹೆಡ್‌ಲೈಟ್ ಕೂರಿಸಿದ್ದ. ಮೂರು ಚಳಿಗಾಲದ ಹಿಂದೆ, ದೀಪಾವಳಿ ಮುಗಿದು ಹದಿನೈದು ದಿನಕ್ಕೆ, ಆ ದೀಪ ಸಾಲದಾಯಿತು.

ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲೆಲ್ಲ ನೀರಿನಲ್ಲಿ ಇರುತ್ತವೆ, ಹೊತ್ತು ಮುಳುಗುವಾಗ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಏಳುತ್ತವೆ, ಬೆಳಿಗ್ಗೆ ಮರಳುತ್ತವೆ. ಆ ಬೆಳಿಗ್ಗೆ ಪ್ರಭಾಕರ ವಿಮಾನ ಇಳಿಸಿ ಎಂಜಿನ್ ಆರಿಸಿದವನು ಸೀಟಿನಿಂದ ಏಳಲಿಲ್ಲ. ನಾನೇ ಹತ್ತಿರ ಹೋದೆ. ಮುಖ ಬಿಳಿಚಿಕೊಂಡಿತ್ತು.

"ಬಲಗಡಿಯಿಂದ ಬಂತ್ರಿ. ರೆಕ್ಕಿ ತುದಿಗೆ ಒಂದ್ ಮೊಳ ಇತ್ತೋ ಇಲ್ಲೋ. ಹಕ್ಕಿ ನನ್ನ ನೋಡಲೇ ಇಲ್ಲ ವೈನಿ."

ಹೆಬ್ಬಾತು ಅಂದರೆ ಮೂರು ಕಿಲೋ ತೂಕದ ಪಕ್ಷಿ. ಎದುರಿನ ಗಾಜಿಗೆ ಬಡಿದರೆ ಗಾಜೂ ಉಳಿಯುವುದಿಲ್ಲ, ಕೂತವನೂ ಉಳಿಯುವುದಿಲ್ಲ. ಮೊಮೆಂಟಮ್ಮಿನ ಲೆಕ್ಕವನ್ನು ನಾನು ಆ ದಿನ ಮಾಡಲಿಲ್ಲ. ಮಾಡುವುದು ಬೇಡವೆನಿಸಿತು.

ಎರಡು ದೀಪ ಒಂದಾದ ಮೇಲೊಂದು ಮಿಣುಕಿದರೆ ಹಕ್ಕಿಗಳು ದೂರದಿಂದಲೇ ಗುರುತಿಸಿ ಪಕ್ಕಕ್ಕೆ ಸರಿಯುತ್ತವೆ ಎಂದು ಪ್ರಭಾಕರ ಎಲ್ಲೋ ಓದಿದ್ದ. ದೀಪ ಬದಲಿಸುವುದೆಂದು ಅಂದೇ ತೀರ್ಮಾನವಾಯಿತು. ವಿದೇಶಿ ಕ್ಯಾಟಲಾಗ್ ತರಿಸಿಕೊಂಡು ಊಟದ ಮೇಜಿನ ಮೇಲೆ ಹರವಿದ. ವಿಮಾನಕ್ಕೆಂದೇ ಮಾಡಿದ ದೀಪಗಳು ಬರಲು ನಾಲ್ಕು ತಿಂಗಳು, ಅಷ್ಟರಲ್ಲಿ ಹೆಬ್ಬಾತುಗಳು ಹಿಮಾಲಯ ಸೇರಿರುತ್ತವೆ. ಬೆಟಗೇರಿಯ ಆಟೋ ಇಲೆಕ್ಟ್ರಿಷಿಯನ್ ಖಾದರಸಾಬ, ವಿಮಾನದ ವಯರಿಂಗ್ ಪೂರ್ತಿ ಮಾಡಿದ ಮನುಷ್ಯ, ಕ್ಯಾಟಲಾಗನ್ನು ಕನ್ನಡಕ ಏರಿಸಿ ನೋಡಿ, ಇವೇ ದೀಪಗಳನ್ನು ಟ್ರ್ಯಾಕ್ಟರಿನವರು ರಾತ್ರಿ ಕಣದಲ್ಲಿ ರಾಶಿ ಮಾಡುವಾಗ ಹಚ್ಚುತ್ತಾರೆ, ಗದಗಿನ ಅಂಗಡಿಯಲ್ಲೇ ಸಿಗುತ್ತವೆ ಎಂದ.

ಆದರೆ ಅಗ್ಗದ ಎಲ್‌ಇಡಿಗಳಿಗೆ ಒಂದು ರೋಗ ಇರುತ್ತದೆ. ಬೆಳಕಿನ ಜೊತೆಗೆ ರೇಡಿಯೋದೊಳಗೂ ಕೆರೆಯುತ್ತವೆ. ನಾನು ನೆಲದಲ್ಲಿ ಕೈಯ ರೇಡಿಯೋ ಹಿಡಿದು ಪ್ರಭಾಕರನ ಜೊತೆ ಮಾತಾಡುತ್ತಿದ್ದೆ, ಅದು ಕೆಟ್ಟರೆ ಮುಗಿಯಿತು. ಖಾದರಸಾಬ ಮನೆಯ ಹಳೆಯ ಟ್ರಾನ್ಸಿಸ್ಟರನ್ನು ಬಗಲಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದ. ಅಂಗಡಿಯವನು ಒಂದೊಂದೇ ದೀಪವನ್ನು ಬ್ಯಾಟರಿಗೆ ಹಚ್ಚುವುದು, ಇವನು ಟ್ರಾನ್ಸಿಸ್ಟರನ್ನು ಪಕ್ಕಕ್ಕೆ ಹಿಡಿಯುವುದು, ಕರ್ರ್ ಎಂದು ಕೂಗಿದ ದೀಪವನ್ನು ವಾಪಸ್ ಡಬ್ಬಿಗೆ ಹಾಕಿಸುವುದು. ಒಂಬತ್ತು ದೀಪಗಳು ಹಾಗೇ ಹೋದವು. ದೀಪ ಕೊಳ್ಳಲು ಬಂದಿದ್ದೀರೋ ಹಾಡು ಕೇಳಲು ಬಂದಿದ್ದೀರೋ ಎಂದು ಅಂಗಡಿಯವನು ಗೊಣಗಿದ. ಕೊನೆಗೆ ಒಂದು ದುಂಡನೆಯ ದೀಪದ ಮುಂದೆ ಟ್ರಾನ್ಸಿಸ್ಟರ್ ಏನೂ ಆಗದವರಂತೆ ಹಾಡುತ್ತಲೇ ಇತ್ತು. ತೂಕ ಕಡಿಮೆ, ಮೂರು ಆಂಪಿಯರ್ ಒಳಗೆ ಕೆಲಸ. ನಾನು ಲೆಕ್ಕ ಹಾಕಿ ಹೂಂ ಎಂದೆ.

ಪ್ರಭಾಕರನಿಗೆ ಸಮಾಧಾನವಿಲ್ಲ. ಇದಕ್ಕಿಂತ ಜೋರಾದದ್ದು ಇಲ್ಲವೇ ಎಂದು ಮೂರು ಸಲ ಕೇಳಿದ.

"ಸಾವಕಾರ್ರ," ಎಂದ ಖಾದರಸಾಬ, "ಇದಕ್ಕಿಂತ ಜೋರ ಬೇಕಂದ್ರ ಸೂರ್ಯನ್ನ ಬಿಚ್ಚಿ ತರಬೇಕು."

ನಾವೆಲ್ಲ ನಕ್ಕೆವು. ಪ್ರಭಾಕರನೂ ನಕ್ಕ. ಆ ನಗುವನ್ನು ಈಗ ನೆನೆದರೆ ಅದರಲ್ಲಿ ಸ್ವಲ್ಪ ತಡವಿತ್ತು ಅನಿಸುತ್ತದೆ.

ರೆಕ್ಕೆಗೊಂದರಂತೆ ಎರಡು ದೀಪ ಕೂತವು. ಒಂದು ಸ್ವಿಚ್ಚಿಗೆ ಮೂರು ನೆಲೆ: ಕೆಳಗೆ ಆಫ್, ನಡುವೆ ಮಿಣುಕು, ಮೇಲೆ ಸ್ಥಿರ ಬೆಳಕು. ಮಿಣುಕುವಾಗ ಟಿಕ್ ಟಿಕ್ ಎನ್ನುವ ಟ್ರ್ಯಾಕ್ಟರಿನ ಫ್ಲ್ಯಾಷರನ್ನೇ ಖಾದರಸಾಬ ಒಂದಿಷ್ಟು ತಿದ್ದಿ ಹಾಕಿದ. ಸದ್ದಿಲ್ಲದ್ದು ಸಿಗುತ್ತದಲ್ಲ ಎಂದೆ. ಬೇಡ ಅಂದ ಪ್ರಭಾಕರ, ಕೆಲಸ ಮಾಡುತ್ತಿದೆ ಅಂತ ಕಿವಿಗೆ ಗೊತ್ತಾಗಬೇಕು.

ಇನ್ನು ಗುರಿ ಹಿಡಿಯುವುದು. ಇಲ್ಲೇ ನನ್ನ ತಪ್ಪು, ಐ ಮಸ್ಟ್ ಕನ್ಫೆಸ್. ಗ್ಯಾರೇಜಿನವರು ಜೀಪಿನ ಹೆಡ್‌ಲೈಟನ್ನು ಗೋಡೆಗೆ ಹಿಡಿದು ಸರಿಮಾಡುತ್ತಾರೆ. ಶೆಡ್ಡಿನ ಎದುರಿಗೆ ಸುಣ್ಣ ಬಳಿದ ಹಳೆಯ ಕೊಟ್ಟಿಗೆಯ ಗೋಡೆ ಇತ್ತು. ಮುಸ್ಸಂಜೆಗೆ ವಿಮಾನವನ್ನು ಅದರ ಮುಂದೆ ನಿಲ್ಲಿಸಿ, ದೀಪದ ಎತ್ತರ ಅಳೆದು, ಒಂದು ಗೇಣು ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ನಾನೇ ಗೆರೆ ಎಳೆದೆ, ಎರಡು ಕಡೆ ಗುಣಾಕಾರದ ಗುರುತು ಹಾಕಿದೆ. ಬೋರ್ಡಿನ ಮೇಲೆ ಬರೆದು ಪಳಗಿದ ಕೈ, ಗೆರೆ ಒಂದಿಷ್ಟೂ ಅಲುಗಲಿಲ್ಲ. ಖಾದರಸಾಬ ಸ್ಕ್ರೂ ತಿರುಗಿಸಿದ, ಬೆಳಕು ಬಂದು ಗುರುತಿನ ಮೇಲೆ ಕೂತಿತು. ಬಿಳಿ ಗೋಡೆ ಹಾಲಿನಂತೆ ಬೆಳಗಿತು. ಪರ್ಫೆಕ್ಟ್ ಎಂದೆ.

ಆಮೇಲೆ ಅದೊಂದು ರೂಢಿಯಾಯಿತು. ದೀಪಗಳು ರೆಕ್ಕೆಯ ಮುಂಭಾಗದಲ್ಲಿ, ಒಳಗೆ ಕೂತವನಿಗೆ ಕಾಣವು. ಹಾಗಾಗಿ ಎಂಜಿನ್ ಶುರುವಾಗುವ ಮುಂಚೆ ನಾನು ಎದುರಿಗೆ ನಿಲ್ಲುತ್ತಿದ್ದೆ. ಅವನು ಸ್ವಿಚ್ ಹಾಕುತ್ತಿದ್ದ, ಟಿಕ್ ಟಿಕ್ ಕೇಳುತ್ತಿತ್ತು. ಎಡದ್ದು ಹತ್ತಿದರೆ ಆ ಕಡೆಯ ಕೈ, ಬಲದ್ದು ಹತ್ತಿದರೆ ಈ ಕಡೆಯ ಕೈ. ಎರಡೂ ಹತ್ತಿದರೆ ಎರಡೂ ಕೈಯನ್ನು ಅಗಲಕ್ಕೆ ಚಾಚಿ ಎತ್ತುವುದು, ಶಾಲೆಯ ಡ್ರಿಲ್ಲಿನಂತೆ.

"ಎತ್ತರಿ ವೈನಿ, ಯಾಕ ಸುಮ್ನ ನಿಂತೀರಿ?" ಎಂದು ಕೂಗುತ್ತಿದ್ದ ಕೆಲವು ಸಲ, ನಾನು ಕೈ ಎತ್ತಿಯೇ ನಿಂತಿರುವಾಗ. ತಮಾಷೆ ಮಾಡುತ್ತಾನೆ ಎಂದುಕೊಂಡೆ. ಮೊದಲಿನಿಂದಲೂ ನನ್ನನ್ನು ಕಾಡಿಸುವವನೇ. ದಿನಕ್ಕೆರಡು ಸಲ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದ, ಹತ್ತಿಯ ಧೂಳಿಗೆ ಎಂದಿದ್ದ. ಜಿನ್ನಿಂಗ್ ಮಿಲ್ಲಿನಲ್ಲಿ ನಲವತ್ತು ವರ್ಷ ಕಳೆದವನ ಕಣ್ಣಿಗೆ ಧೂಳು ಬಿದ್ದರೆ ಅದರಲ್ಲಿ ಕೇಳುವುದೇನಿತ್ತು?

ಸಂಕ್ರಾಂತಿ ಕಳೆದ ಮರುವಾರ. ನಾಲ್ಕಕ್ಕೆ ಏರಿದ. ಮುಂಡರಗಿಯ ಕಡೆ ಹೊಳೆ ನೋಡಿ, ಕಪ್ಪತಗುಡ್ಡದ ಮೇಲೆ ಹಾಯ್ದು ಐದೂವರೆಗೆ ಇಳಿಯುತ್ತೇನೆ ಎಂದು ಹೇಳಿ ಹೋಗಿದ್ದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಐದೂವರೆ ಆಯಿತು. ಐದೂ ಮುಕ್ಕಾಲು. ಆಕಾಶದ ಅಂಚು ಮಬ್ಬಾಗಿತ್ತು, ಧೂಳೋ ಮಂಜೋ ತಿಳಿಯದ ಒಂದು ಬೂದಿ ಬಣ್ಣ. ರೇಡಿಯೋದಲ್ಲಿ ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಖಾದರಸಾಬ ಶೆಡ್ಡಿನ ಮುಂದೆ ಆಚೆಗೊಮ್ಮೆ ಈಚೆಗೊಮ್ಮೆ ನಡೆಯುತ್ತಿದ್ದವನು ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕ ನಿಂತ. ಕೇಳುವುದಷ್ಟೇ ಕೆಲಸ.

ಆರಕ್ಕೆ ಅವನ ದನಿ ಬಂತು, ಹರಿದು ಹರಿದು. ಗುಡ್ಡದ ಮೇಲೆ ಮೋಡ ಇಳಿದಿದೆ, ಸುತ್ತು ಹಾಕಿ ಬರುತ್ತಿದ್ದೇನೆ, ಎದುರು ಗಾಳಿ. ಪೆಟ್ರೋಲ್ ಎಷ್ಟಿದೆ ಎಂದೆ. ಅರ್ಧ ತಾಸಿನದು ಎಂದ.

ಆರೂಕಾಲಿಗೆ ಸೂರ್ಯ ಹೋದ. ಎರೆ ಹೊಲದಲ್ಲಿ ಸಂಜೆ ಬೇರೆ ಕಡೆಯಂತೆ ನಿಧಾನಕ್ಕೆ ಬರುವುದಿಲ್ಲ. ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ನೆಲ ಕಪ್ಪಾಗಿಬಿಡುತ್ತದೆ. ಆಗ ಮೂಡಣಕ್ಕೆ ಎರಡು ಚುಕ್ಕೆ ಕಂಡವು. ಎಡ, ಬಲ. ಎಡ, ಬಲ. ಖಾದರಸಾಬ ಆಕಾಶಕ್ಕೆ ಕೈಯೆತ್ತಿ ಏನೋ ಹೇಳಿಕೊಂಡ.

ಮಿಣುಕು ನಿಂತು ಸ್ಥಿರ ಬೆಳಕಾಯಿತು. ಇಳಿಯಲು ಬರುತ್ತಿದ್ದಾನೆ. ಅದೇ ಹೊತ್ತಿಗೆ ಕೆರೆಯ ಕಡೆಯಿಂದ ಆ ಗದ್ದಲ, ನೂರಾರು ಗಂಟಲುಗಳ ಗದ್ದಲ, ಎದ್ದಿತು. ಹೆಬ್ಬಾತುಗಳು ಮೇಯಲು ಹೊರಟಿದ್ದವು, ನೇರ ನಮ್ಮ ಪಟ್ಟಿಯ ಮೇಲೆ.

"ಪ್ರಭು, ಹಕ್ಕಿ. ಬ್ಲಿಂಕ್ ಮಾಡು, ಮ್ಯಾಲ ಹೋಗು."

ಮಿಣುಕು ಶುರುವಾಯಿತು, ಎಂಜಿನ್ ಗುಡುಗಿತು. ಸಾಲಿನ ಮುಂದಿನ ಹಕ್ಕಿ ಓರೆಯಾಗಿ ವಾಲಿತು, ಸಾಲು ನಡುವೆ ಸೀಳಿ ಎರಡಾಯಿತು, ವಿಮಾನ ಅದರ ಮಧ್ಯದಿಂದ ದಾಟಿ ಮೇಲೆ ಹೋಯಿತು.

"ವೈನಿ, ನೆಲ ಕಾಣವಲ್ದು." ಅವನ ದನಿಯಲ್ಲಿ ಆವರೆಗೆ ನಾನು ಕೇಳಿರದ ಒಂದು ತೆಳುವು. "ಬೆಳಕು ಮುಂದ ಹೋಗವಲ್ದು, ನನ್ನ ಕಾಲಡಿಗೇ ಬೀಳಾಕತ್ತೈತಿ. ಎಲ್ಲಾ ಕರೇದ ಐತಿ."

ಆ ಕ್ಷಣದಲ್ಲಿ ನನಗೆ ಕೊಟ್ಟಿಗೆಯ ಗೋಡೆ ಕಂಡಿತು, ನಾನೆಳೆದ ಗೆರೆ ಕಂಡಿತು. ನಾವು ಗುರಿ ಹಿಡಿದದ್ದು ಬಾಲ ನೆಲಕ್ಕಿಟ್ಟು ನಿಂತ ವಿಮಾನಕ್ಕೆ. ಜೀಪು ನಿಂತರೂ ಓಡಿದರೂ ಒಂದೇ ಮಟ್ಟ. ವಿಮಾನ ಹಾಗಲ್ಲ. ಇಳಿಯಲು ಬರುವಾಗ ಅದರ ಬಾಲ ಮೇಲೆ, ಮೂಗು ಕೆಳಗೆ. ಮೂಗಿನ ಜೊತೆ ದೀಪಗಳೂ ತಲೆ ಬಗ್ಗಿಸಿದ್ದವು. ಸಾಲದ್ದಕ್ಕೆ ಬಿಳಿ ಗೋಡೆ ವಾಪಸ್ ಕೊಟ್ಟ ಬೆಳಕನ್ನು ಎರೆ ಮಣ್ಣು ನುಂಗಿಬಿಟ್ಟಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದ್ದೆ.

ಬದುವಿನ ಮೇಲೆ ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಆರು ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ನಿಂತು ಮೇಲೆ ನೋಡುತ್ತಿದ್ದರು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಹತ್ತಿಯ ಗಂಟುಗಳು, ಆ ಹೊಲದಲ್ಲೆಲ್ಲ ಕಣ್ಣಿಗೆ ಕಾಣುತ್ತಿದ್ದುದು ಅವಷ್ಟೇ. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಅವರಲ್ಲಿ ಹಿರಿಯಳು ಯಲ್ಲವ್ವ, ನಮ್ಮ ಹೊಲದ ಕೆಲಸಕ್ಕೂ ಬರುವವಳು. ಗಂಟುಗಳನ್ನು ಪಟ್ಟಿ ಶುರುವಾಗುವ ಕಡೆ ಅಡ್ಡಸಾಲಾಗಿ ಇಡಿಸಬೇಕು, ಹೊಸ್ತಿಲಿನ ಹಾಗೆ, ಒಂದಕ್ಕೊಂದು ಐದು ಹೆಜ್ಜೆ ಬಿಟ್ಟು ಎಂದೆ. ಯಲ್ಲವ್ವ ಏಕೆಂದು ಕೇಳಲಿಲ್ಲ. ಖಾದರಸಾಬ ಹೆಜ್ಜೆ ಎಣಿಸಿದ, ಅವರು ಇಟ್ಟು ಬದುವಿಗೆ ಸರಿದರು, ಅವನನ್ನು ಪಟ್ಟಿಯ ಆಚೆ ತುದಿಗೆ ಗುರುತಾಗಿ ನಿಲ್ಲಲು ಕಳಿಸಿದೆ.

ರೇಡಿಯೋ ಬಾಯಿಗೆ ಹಿಡಿದೆ. ಉಸಿರು ಸಿಗುತ್ತಿರಲಿಲ್ಲ. "ಪ್ರಭು, ಲಿಸನ್. ತಪ್ಪು ನಂದು. ಬಾಲ ಕೆಳಗಿದ್ದಾಗ ಗುರಿ ಹಿಡಿದೀವಿ. ನೀ ಕಡೀಕ ಮೂಗು ಎತ್ತತಿಯಲ್ಲ, ಆಗ ಬೆಳಕು ತಾನ ಮುಂದಕ್ಕ ಬರತೈತಿ. ಅಲ್ಲೀ ತನಕ ಬಿಳೀ ಗಂಟು ಹುಡುಕು. ಅವುನ್ನ ದಾಟಿದ ಕೂಡಲೇ ಪಟ್ಟಿ."

ಎಂಜಿನ್ ಸದ್ದು ತಲೆಯ ಮೇಲೆ ಒಂದು ಸುತ್ತು ಹಾಕಿತು. ಆಮೇಲೆ, "ಖರೇನ ಬರತೈತೇನ್ರಿ ಬೆಳಕು?"

"ಬರತೈತಿ." ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಗಳೆಲ್ಲ ಆ ಒಂದು ಶಬ್ದದೊಳಗಿದ್ದವು.

ಸ್ಥಿರ ಬೆಳಕು ಹಿಡಿದು ಬಂದ. ತೀರ ಕೆಳಗೆ, ತೀರ ನಿಧಾನ. ಬೆಳಕು ಮಣ್ಣಿನ ಮೇಲೆ ತನ್ನ ಕಾಲನ್ನೇ ನೋಡುತ್ತ ನಡೆಯುವವರಂತೆ ಬರುತ್ತಿತ್ತು. ಗಂಟಿನ ಸಾಲಿನ ಮೇಲೆ ಬಿದ್ದಾಗ ಆರೂ ಒಮ್ಮೆಗೇ ಬೆಳಗಿದವು. ದಾಟಿದ. ಎಂಜಿನ್ ಸದ್ದು ಕೆಳಗಿಳಿಯಿತು, ಮೂಗು ಏಳತೊಡಗಿತು. ಏಳುತ್ತ ಏಳುತ್ತ ಆ ಎರಡು ಬೆಳಕುಗಳು ನೆಲದಿಂದ ತಲೆಯೆತ್ತಿ, ಪಟ್ಟಿಯುದ್ದಕ್ಕೂ ಹರಿದುಬಂದು, ದೂರದ ಅಂಚಿನಲ್ಲಿ ನಿಂತಿದ್ದ ಖಾದರಸಾಬನ ಬರಿಗಾಲನ್ನು ಮುಟ್ಟಿದವು. ಗಾಲಿಗಳು ಮೂರೂ ಒಟ್ಟಿಗೆ ನೆಲಕ್ಕೆ ತಾಗಿದವು.

ಎಂಜಿನ್ ನಿಂತಿತು. ಮೌನದಲ್ಲಿ ಟಿಕ್ ಟಿಕ್. ಆರಿಸಲು ಹೋಗಿ ಸ್ವಿಚ್ಚನ್ನು ನಡುವಿನ ನೆಲೆಯಲ್ಲೇ ಬಿಟ್ಟಿದ್ದ.

ಯಲ್ಲವ್ವ ಗಂಟು ತಟ್ಟಿ ಮಣ್ಣು ಕೊಡವುತ್ತ, "ಸಾವಕಾರ್ರ, ಮುಂಡರಗಿಂದ ಬಸ್ಸಿಗೆ ಬರಾಕ ಏನಾಗಿತ್ರಿ?" ಎಂದಳು. ಹೆಂಗಸರೆಲ್ಲ ನಕ್ಕರು. ಖಾದರಸಾಬ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ನನಗೆ ನಗು ಬರಲಿಲ್ಲ. ಲೆಕ್ಕ ಸರಿಬಂದ ಮೇಲೂ ಇನ್ನೊಮ್ಮೆ ತಾಳೆ ನೋಡುವುದು ನನ್ನ ಹಳೆಯ ಚಾಳಿ. ಬಾಗಿಲ ಬಳಿ ಹೋಗಿ, ಎಷ್ಟು ಗಂಟು ಕಂಡವು ಎಂದು ಕೇಳಿದೆ.

"ಎರಡರಿ. ಎರಡರ ನಡುವ ಬಂದೆ. ಯಾಕ?"

ಅವನ ಹಿಂದೆ ಹೆಂಗಸರು ಗಂಟುಗಳನ್ನು ಒಬ್ಬರಿಗೊಬ್ಬರು ತಲೆಗೆ ಎತ್ತಿಕೊಡುತ್ತಿದ್ದರು. ಆರು. ಆರೂ ಬೆಳಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಾನು ಅವನ ಮುಖ ನೋಡುತ್ತಲೇ ಬಲಗೈಯನ್ನು ಪಕ್ಕಕ್ಕೆ ಚಾಚಿ ಬೆರಳು ಆಡಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬೆರಳುಗಳು ಅವನ ಪಾಲಿಗೆ ಇರಲೇ ಇಲ್ಲ.

"ಯಾವಾಗಿಂದ?" ಎಂದೆ.

ಅವನು ಸ್ವಿಚ್ಚಿನ ಕಡೆ ನೋಡಿದ. ಹೋದ ಮಳೆಗಾಲದಿಂದ, ಎಂದ. ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಗ್ಲಾಕೋಮ. ಪಕ್ಕದ್ದೆಲ್ಲ ಅಳಿಸುತ್ತ ಬಂದು ನಡುವಿನದಷ್ಟೇ ಉಳಿಯುತ್ತದೆ. ಡ್ರಾಪ್ಸ್ ಅದಕ್ಕೆ. ಹಾರುವವರಿಗೆ ಕೊಡುವ ವೈದ್ಯಕೀಯ ಕಾಗದದ ಅವಧಿ ಇನ್ನೆರಡು ತಿಂಗಳಿತ್ತು, ಈ ಒಂದು ಚಳಿಗಾಲ ಹಾರಿಬಿಡೋಣ ಎಂದುಕೊಂಡಿದ್ದನಂತೆ.

ದೀಪಾವಳಿಯ ಆಚೆಯ ಬೆಳಿಗ್ಗೆ ನನ್ನ ತಲೆಯಲ್ಲಿ ತಿರುಗಿ ನಿಂತಿತು. ಬಲಗಡೆಯಿಂದ ಬಂತು, ಎಂದಿದ್ದ.

"ಆ ಹಕ್ಕಿ ನಿನ್ನ ನೋಡಿತ್ತು ಪ್ರಭು," ಎಂದೆ.

"ಹೂಂನ್ರಿ." ದನಿ ತಗ್ಗಿತ್ತು. "ಅದಕ್ಕ ದೀಪ ಬೇಕಾಗಿತ್ತು ವೈನಿ. ನಾ ಅವುನ್ನ ನೋಡದಿದ್ರೂ ಅವಾದ್ರೂ ನನ್ನ ನೋಡ್ಲಿ ಅಂತ."

ನಾನು ಬೈಯಬೇಕಿತ್ತು. ಅವನ ಪ್ರಾಣವಷ್ಟೇ ಅಲ್ಲ, ಪಟ್ಟಿಗೆ ಆ ಹೆಂಗಸರನ್ನು ಇಳಿಸಿದ್ದೆ, ಖಾದರಸಾಬನನ್ನು ನಿಲ್ಲಿಸಿದ್ದೆ. ಬೈಯಲಾಗಲಿಲ್ಲ. ಕೈ ಚಾಚಿದೆ. ಅವನು ವಿಮಾನದ ಬೀಗದ ಕೈಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಅಂಗೈ ಎಲ್ಲಿದೆ ಎಂದು ಒಮ್ಮೆ ಹುಡುಕಿ ಇಟ್ಟ.

ಮುಂದೆ ಅವನು ಹಾರಲಿಲ್ಲ. ಆದರೂ ಫೆಬ್ರವರಿಯಲ್ಲಿ ಒಂದು ಸಂಜೆ ನಾವು ಮೂವರೂ ಸೇರಿ ವಿಮಾನದ ಬಾಲವನ್ನು ಬೆಂಚಿನ ಮೇಲೆ ಎತ್ತಿಟ್ಟು, ಹಾರುವಾಗಿನ ಮಟ್ಟಕ್ಕೆ ತಂದು, ಗೋಡೆಯ ಮೇಲೆ ಹೊಸ ಗೆರೆ ಎಳೆದು ದೀಪಗಳನ್ನು ಸರಿಯಾಗಿ ಕೂರಿಸಿದೆವು. ಕೊಳ್ಳುವವರಿಗೆ ತಪ್ಪು ದೀಪ ಕೊಡಬಾರದು ಎಂದ. ಬಳ್ಳಾರಿಯ ಕಡೆಯವರೊಬ್ಬರು ಮಾತಾಡಿ ಹೋಗಿದ್ದರು.

ಮಾರ್ಚಿನಲ್ಲಿ ಅವರು ಬಂದು ರೆಕ್ಕೆ ಬಿಚ್ಚುವ ಹಿಂದಿನ ಸಂಜೆ, ಒಂದು ಸಲ ಕೂತು ಬರುತ್ತೇನೆ ಎಂದು ಪ್ರಭಾಕರ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದ. ನಾನು ಆ ರಾತ್ರಿಯ ಗಾಡಿಗೆ ಬೆಳಗಾವಿಗೆ, ತಂಗಿಯ ಮನೆಗೆ ಹೊರಟವಳು, ಶೆಡ್ಡಿನಿಂದ ನೇರ ಸ್ಟೇಷನ್ನಿಗೆ ಹೋಗಲು ಬ್ಯಾಗನ್ನು ಜೊತೆಗೇ ತಂದಿದ್ದೆ. ನಾಲ್ಕನೆಯ ದಿನ ಅಲ್ಲಿಗೆ ಫೋನ್ ಬಂತು. ಹಾರ್ಟು, ನಿದ್ದೆಯಲ್ಲಿ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಿಮಾನದಿಂದ ಬಿದ್ದರಂತೆ ಹೌದೇ ಎಂದು ಈಗಲೂ ಕೆಲವರು ಕೇಳುತ್ತಾರೆ.

ಹಾಗಾಗಿ ಅವನನ್ನು ನಾನು ಕೊನೆಗೆ ಕಂಡದ್ದು ಆ ಶೆಡ್ಡಿನಲ್ಲಿ. ಸೀಟಿನಲ್ಲಿ ಕೂತು ಬೆಲ್ಟು ಕಟ್ಟಿಕೊಂಡ. ಕೆರೆಯ ಹಕ್ಕಿಗಳು ಆಗಲೇ ಹೋಗಿಬಿಟ್ಟಿದ್ದವು, ಎಲ್ಲೂ ಸದ್ದಿರಲಿಲ್ಲ. ನಾನು ರೂಢಿಯಂತೆ ಎದುರಿಗೆ ಹೋಗಿ ಗೋಡೆಗೆ ಬೆನ್ನು ಮಾಡಿ ನಿಂತೆ. ಟಿಕ್, ಟಿಕ್, ಟಿಕ್.

"ಎರಡೂ ಹತ್ಯಾವೇನ್ರಿ ವೈನಿ?"

ಎರಡೂ ಕೈ ಅಗಲಕ್ಕೆ ಎತ್ತಿದೆ. ಅವನು ಗಾಜಿನ ಹಿಂದೆ ನನ್ನನ್ನೇ ನೋಡುತ್ತ ಕಾಯುತ್ತಿದ್ದ. ನಾನು ಕೈಗಳನ್ನು ಮೆಲ್ಲಗೆ ಒಳಕ್ಕೆ ತಂದೆ, ಇನ್ನೂ ಒಳಕ್ಕೆ, ಎದೆಯ ಮುಂದೆ ಒಂದಕ್ಕೊಂದು ತಾಗುವವರೆಗೆ. ಅಲ್ಲಿ ಅವನಿಗೆ ಕಂಡವು.

"ಆತು," ಎಂದ. ದೀಪ ಆರಿಸಿದ.